ಕರಿನೆಲದ ಲೋಗೋ ಬರೆದವರು ಯಾರು

ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರಿಗೇ ಗುರುಪಾದನ ಪೇಂಟಿಂಗ್ ಅಂಗಡಿ. ಟ್ರ್ಯಾಕ್ಟರಿನ ನಂಬರ್ ಪ್ಲೇಟು, ಕಿರಾಣಿ ಅಂಗಡಿಯ ಬೋರ್ಡು, ಹವಳಗಾದ ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರಾಲಿಗಳ ಹಿಂದಿನ ಅಕ್ಷರ, ಎಲ್ಲ ಅವನ ಕೈಯವೇ. ಫ್ಲೆಕ್ಸ್ ಬಂದ ಮೇಲೆ ಉಳಿದ ಪೇಂಟರುಗಳು ಬ್ರಷ್ ಎಸೆದರೂ ಈ ಹಟಮಾರಿ ಎಸೆಯಲಿಲ್ಲ. ಅವನದೊಂದು ಪದ್ಧತಿ. ಗಿರಾಕಿಗೆ ಮೊದಲು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುವುದು, ಗಿರಾಕಿ ಹೋದ ಮೇಲೆ ಒದ್ದೆ ಅರಿವೆಯಿಂದ ಒರೆಸುವುದು. ಮೂಲೆಯಲ್ಲಿ ತನ್ನ ಹೆಸರು ಹಾಕುವುದು ಬಣ್ಣದ ಕೆಲಸ ಪೂರ್ತಿ ಮುಗಿದಾಗ ಮಾತ್ರ. ಸುಣ್ಣದ ಗೀಟಿಗೆ ಯಾರಾದರೂ ಹೆಸರು ಹಾಕುತ್ತಾರೇನು ಎಂದು ನಗುತ್ತಿದ್ದ.

ಬಸವಂತರಾಯ ಗೌಡರ ಮಗ ಅಮರನಾಥ ಕಾಲೇಜಿನಲ್ಲಿ ರಾಕ್ ಬ್ಯಾಂಡ್ ಕಟ್ಟಿದ್ದ. ಹೆಸರು 'ಕರಿನೆಲ'. ಎರಡು ಗಿಟಾರು, ಒಂದು ಡ್ರಮ್ಮು, ಬೇಕಾದಷ್ಟು ಕೂದಲು. ಒಂದು ದಿನ ಅಂಗಡಿಗೆ ಬಂದು ಮೊಬೈಲಿನಲ್ಲಿ ಪರದೇಶದ ಬ್ಯಾಂಡುಗಳ ಲೋಗೋ ತೋರಿಸಿದ. ತಲೆಬುರುಡೆ, ರೆಕ್ಕೆ, ಬಾರಿಕಂಟಿಯ ಹಾಗೆ ಮುಳ್ಳು ಮುಳ್ಳಾದ ಅಕ್ಷರ.

"ಕಾಕಾ, ನಮಗೂ ಇಂಥಾದ್ದೊಂದು ಬೇಕ್ರಿ. ಆದ್ರ ಇವರ ಕಾಪಿ ಅನಿಸಬಾರ್ದು."

ಗುರುಪಾದ ಎಂಟು ದಿನ ಅದನ್ನೇ ತಲೆಗೆ ಹಚ್ಚಿಕೊಂಡ. ಗೊಬ್ಬೂರಿನ ಭಾವನ ಹೊಲಕ್ಕೆ ಹೋಗಿ ಬಿಸಿಲಿಗೆ ಬಾಯಿ ಬಿಟ್ಟ ನೆಲವನ್ನು ಮೊಣಕಾಲೂರಿ ನೋಡಿದ. ಬಂದು ಹಲಗೆಯ ಮೇಲೆ 'ಕರಿನೆಲ' ಎಂದು ಬರೆದ. ಅಕ್ಷರಗಳು ಬಿರುಕು ಬಿಟ್ಟಿದ್ದವು, ಬಿರುಕುಗಳು ಬೇರಿನ ಹಾಗೆ ಕೆಳಗಿಳಿದಿದ್ದವು. ಅಷ್ಟು ಚಲೋದ್ದನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ. ಅಮರನಾಥ ಒಂದು ಫೋಟೋ ಹೊಡೆದುಕೊಂಡು ಮೂಗು ಮುರಿದ.

"ನಮಗ ಜಮಾಸಂಗಿಲ್ಲ ಬಿಡ್ರಿ ಕಾಕಾ."

ಗುರುಪಾದ ಎಂದಿನಂತೆ ಒರೆಸಿಬಿಟ್ಟ.

ತಿಂಗಳೊಳಗೆ ಅದೇ ಲೋಗೋ ಕಾಲೇಜಿನ ಗೋಡೆಗೆ ಬಂತು, ಹುಡುಗರ ಟೀಶರ್ಟಿಗೆ ಬಂತು. ಕೆಳಗೆ 'ವಿನ್ಯಾಸ: ಅಮರನಾಥ'. ಗುರುಪಾದನ ಮಗಳು ಭಾಗ್ಯಜ್ಯೋತಿ ಅಲ್ಲೇ ಬಿ.ಎ. ಓದುತ್ತಿದ್ದಳು. ಅದು ತನ್ನ ಕೈಕೆಲಸ ಎಂದು ಅಪ್ಪ ಹೇಳಿದ್ದೇ ತಡ, ಹುಡುಗಿ ಇಡೀ ಕ್ಲಾಸಿಗೆ ಸಾರಿಕೊಂಡು ಬಂದಳು. ಗೌಡರ ಮಗನ ಮಾತಿನ ಮುಂದೆ ಪೇಂಟರನ ಮಗಳ ಮಾತು ಯಾರು ಕೇಳಬೇಕು? ಗೆಳತಿಯರು ಊಟದ ಡಬ್ಬಿ ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು.

"ಯಪ್ಪಾ, ಎಲ್ಲಾರೂ ನನಗ ಸುಳ್ಳಬುರಕಿ ಅನ್ನಾಕತ್ತಾರ. ನಾ ಇನ್ನ ಕಾಲೇಜಿಗೆ ಹೋಗಂಗಿಲ್ಲ," ಎಂದು ತಾಟು ಸರಿಸಿ ಅತ್ತಳು.

ಮಗಳ ಮೇಲಿನ ಆ ಮಾತನ್ನು ತೊಳೆಯದೆ ಬಿಡುವುದಿಲ್ಲ ಎಂದು ಗುರುಪಾದ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗ್ ದಿನ ಮಧ್ಯಾಹ್ನ ನೆಟ್ಟಗೆ ಕಾಲೇಜಿಗೇ ಹೋದ. ಅವನು ಬಾಯಿ ತೆರೆಯುವ ಮೊದಲೇ ಅಮರನಾಥ ಮೈಕ್ ಹಿಡಿದ.

"ಬರ್ರಿ ಕಾಕಾ, ಸ್ಟೇಜಿಗೆ ಬರ್ರಿ! ಲೋಗೋ ನಿಮ್ಮದಂತ, ಹೌದಿಲ್ರಿ? ಹಂಗಾದ್ರ ಇಲ್ಲೇ ಬರ್ದು ತೋರಿಸ್ರಿ."

ಹಲಗೆ ತಂದಿಟ್ಟರು. ಬೆನ್ನ ಹಿಂದೆ ಅದೇ ಲೋಗೋದ ಆಳೆತ್ತರದ ಬ್ಯಾನರು ತೂಗುತ್ತಿತ್ತು. ಗುರುಪಾದ ಒಂದು ಸಲವೂ ತಿರುಗಿ ನೋಡಲಿಲ್ಲ. ಒಂದೊಂದು ಬಿರುಕೂ ಅದರದರ ಜಾಗದಲ್ಲಿ ಬಂದು ಕೂತಿತು. ಮೂರನೆಯ ಸಾಲಿನಲ್ಲಿ ಭಾಗ್ಯಜ್ಯೋತಿ ಎದ್ದು ನಿಂತಿದ್ದಳು. ಗುರುಪಾದ ಸುಣ್ಣದ ಕೈ ಝಾಡಿಸಿ ಎದೆಯೆತ್ತಿ ನಿಂತ. ಪಾಪದ ಮನುಷ್ಯ, ಗೆದ್ದೆ ಅಂದುಕೊಂಡಿದ್ದ.

"ನೋಡ್ರೆಪ್ಪಾ!" ಅಮರನಾಥ ಕೈ ತಟ್ಟಿದ. "ಕಾಪಿ ಅಂದ್ರ ಹಿಂಗಿರಬೇಕು! ತಿಂಗಳಗಟ್ಲೆ ಗ್ವಾಡಿಮ್ಯಾಗ ನೋಡಿ ನೋಡಿ ಕಾಕಾ ಬಾಯಿಪಾಠ ಮಾಡ್ಯಾರ. ಕಾಕಾ, ನಮ್ಮ ಬೈಕಿಗೆಲ್ಲಾ ನೀವ ಬರ್ದು ಕೊಡ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದೆ ಕೂತ ಮಾಸ್ತರರೂ ಹಲ್ಲು ಕಿಸಿದರು. ಒಂದು ಗೀಟು ತಪ್ಪಿದ್ದರೆ ಬರೆಯಲು ಬಾರದವನು, ತಪ್ಪದಿದ್ದರೆ ಕಾಪಿ ಹೊಡೆದವನು. ಗೆಲ್ಲುವ ದಾರಿಯನ್ನೇ ಇಡದೆ ಮೇಲೆ ಕರೆದಿದ್ದ, ಹರಾಮಖೋರ!

ಗೇಟಿನ ಹತ್ತಿರ ಭಾಗ್ಯಜ್ಯೋತಿ ಓಡಿ ಬಂದು ತಡೆದಳು. ಹಿಂದೆ ಇಬ್ಬರು ಗೆಳತಿಯರು, ಅವಳು ಏನು ಕೇಳುತ್ತಾಳೋ ಎಂದು ಕಿವಿಯಾಗಿ ನಿಂತಿದ್ದರು.

"ಯಪ್ಪಾ, ನನ್ನಾಣಿ, ಖರೇ ಹೇಳು. ನೋಡಿ ಬರ್ದಿಯೇನು?"

ಗುರುಪಾದ ಮಗಳ ಹಿಂದೆ ನಿಂತ ಗೆಳತಿಯರನ್ನು ನೋಡಿದ. ಇಲ್ಲ ಎಂದರೆ ಈ ಕೂಸು ಇನ್ನೂ ಎರಡು ವರ್ಷ ಸುಳ್ಳಬುರಕಿ ಅನ್ನಿಸಿಕೊಂಡೇ ಒಂಟಿಯಾಗಿ ಉಣ್ಣಬೇಕು. ಅವನು ಗೆಳತಿಯರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ.

"ಹೌದವ್ವಾ, ನೋಡೇ ಬರ್ದೇನಿ. ಇಕೀದೇನೂ ತಪ್ಪಿಲ್ರೆವ್ವಾ, ಸುಳ್ಳ ಹೇಳಿದಾಂವ ನಾನು."

ಗೆಳತಿಯೊಬ್ಬಳು ಭಾಗ್ಯಜ್ಯೋತಿಯ ಹೆಗಲ ಮೇಲೆ ಕೈ ಹಾಕಿದಳು. ಅಂದುಕೊಂಡದ್ದು ಆಯಿತು. ಆದರೆ ಮಗಳಾದರೂ ತನ್ನ ಮುಖ ನೋಡಿ ತಿಳಿದುಕೊಂಡಾಳು, ಮನೆಯಲ್ಲಿ ಸಮಾಧಾನ ಹೇಳಿದರಾಯಿತು ಎಂದು ಅವನಿಗೆ ಒಳಗೊಳಗೇ ಆಸೆ.

"ಥೂ, ಮಂದ್ಯಾಗ ನನ್ನ ಮಾನ ಕಳದಿ," ಎಂದಳು ಅವಳು. ಗೆಳತಿಯರ ನಡುವೆ ಸೇರಿಕೊಂಡು ಒಳಗೆ ಹೋದಳು.

ನಂಬಿಬಿಟ್ಟಳು. ಇಷ್ಟು ಸಲೀಸಾಗಿ ನಂಬುತ್ತಾಳೆಂದು ಅವನು ಎಣಿಸಿರಲಿಲ್ಲ.