ವಾಕಾ ಎಂಬ ಪದದ ಕೆಳಗೆ

ಫ್ಯಾನಿನ ಗಾಳಿಗೆ ಅಮ್ಮನ ಕೊರಳ ಹಾರದಿಂದ ಎಸಳೊಂದು ಕೀಲಿಮಣೆಯ ಮೇಲೆ ಬಿತ್ತು, ಚರ್ಚಿನಿಂದ ನೇರ ಇಲ್ಲಿಗೇ ಬಂದಿದ್ದಾಳೆ, ಟೋಪಿಯನ್ನೂ ತೆಗೆದಿಲ್ಲ, ಕಣ್ಣು ಕಾಣದವಳು, ಆದರೂ ಪರದೆಯ ಕಡೆಗೇ ಮುಖ — ಓದೇ ತೆಪಾಏರು, ನಿಮ್ಮಕ್ಕ ಬರ್ದಿದ್ನ ಓದು, ಅರ್ಥ ಬೇಡ ನಂಗೆ, ಅರ್ಥ ಎಲ್ಲ ನಾನೇ ಅವಳಿಗೆ ಹೇಳ್ಕೊಟ್ಟಿದ್ದು, ಮಧ್ಯೆ ಮಧ್ಯೆ ಏನೇನೋ ಗೀಚ್ತಿದ್ಲಲ್ಲ, ಅದು — ಅದೇ ಇಲ್ಲ ಅಮ್ಮ, ಹೇಗೆ ಹೇಳಲಿ, ಅಕ್ಕ ಮೀ ಏಳು ವರ್ಷ ಕೂತು ನಮ್ಮ ರಾರೊಟೊಂಗಾ ದ್ವೀಪದ ಮಾತನ್ನೆಲ್ಲ ಪದಕೋಶಕ್ಕೆ ತುಂಬಿದಳು, ಇದು ಪದ, ಇದು ಅರ್ಥ, ಇದು ಉದಾಹರಣೆ ಎಂದು ಒಂದೊಂದರ ಎರಡೂ ಬದಿಗೆ ಗುರುತು ಹಾಕಿದಳು, ತೆರೆದ ಗುರುತನ್ನು ಮುಚ್ಚಲೇಬೇಕು, ಆ ಗುರುತುಗಳನ್ನು ಓದಿ ಮರವಾಗಿ ನಿಲ್ಲಿಸುವ ಪ್ರೋಗ್ರಾಂ ನನ್ನದು, ಪದ ಕೊಂಬೆ, ಅರ್ಥ ರೆಂಬೆ, ಉದಾಹರಣೆ ಎಲೆ, ಎಷ್ಟು ಹೆಮ್ಮೆಯಿತ್ತು ನನಗೆ, ಮಧ್ಯೆ ಅವಳು ಗೀಚುತ್ತಿದ್ದ ಟಿಪ್ಪಣಿಗೆ ಮಾತ್ರ ಆ ಮರದಲ್ಲಿ ಜಾಗ ಇಡಲಿಲ್ಲ, ಬಿಡೇ ಮೀ, ಟಿಪ್ಪಣಿ ಎಲ್ಲ ಕಸ, ಯಂತ್ರಕ್ಕೆ ಬೇಡ ಅದು, ಅಂದಿದ್ದೆ, ಯಂತ್ರಕ್ಕೆ ಯಾರು ಬರೀತಾರೆ ದಡ್ಡಿ, ನಿಂಗೆ ಬರೀತಿರೋದು, ಅಂತ ಬೆರಳಿಗಂಟಿದ ಡೋನಟ್ ಸಕ್ಕರೆ ನೆಕ್ಕುತ್ತ ನಕ್ಕಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ, ಅವಳನ್ನು ಮಣ್ಣು ಮಾಡಿದ ಮೂರನೇ ದಿನ ಅಳು ಬಾರದೆ ಕೆಲಸಕ್ಕೆ ಕೂತೆ, ಅಕ್ಷರಕ್ಕೊಂದು ಕಡತ, ಒಂದೊಂದನ್ನೂ ಓದಿಸಿ, ಮರ ಮಾಡಿಸಿ, ಮರವನ್ನು ಮತ್ತೆ ಬರಹವಾಗಿಸಿ ಹಳೆಯದರ ಮೇಲೇ ಬರೆಸಿದೆ, ನಕಲು ಇಡಲಿಲ್ಲ, ನನ್ನ ಪ್ರೋಗ್ರಾಂ ತಪ್ಪುವುದಿಲ್ಲ ಎಂಬ ಸೊಕ್ಕು, ತಪ್ಪಲೂ ಇಲ್ಲ ಅದು, ಹೇಳಿದಷ್ಟೇ ಮಾಡಿತು, ಪದಗಳೆಲ್ಲ ಉಳಿದವು, ಟಿಪ್ಪಣಿಗಳೆಲ್ಲ ಅಳಿದವು, ಮೀ ಹೋದಳು. ಕೊನೆಯ ಅಕ್ಷರದ ಕಡತವೊಂದೇ ಬದುಕಿದೆ, ಅದರಲ್ಲಿ ದೋಷವಿದೆ ಎಂದು ಪ್ರೋಗ್ರಾಂ ಮುಟ್ಟದೆ ಪಕ್ಕಕ್ಕಿಟ್ಟಿತ್ತು, ಈಗ ತೆರೆದೆ, ವಾಕಾ, ಅರ್ಥ ದೋಣಿ, ಅದರ ಕೆಳಗೆ ಟಿಪ್ಪಣಿಯ ಗುರುತು, ತೆರೆದದ್ದು ಮುಚ್ಚಿಲ್ಲ, ಅದೇ ದೋಷ, ಇದನ್ನು ಬರೆಯುತ್ತಿದ್ದ ಮಧ್ಯಾಹ್ನವೇ ಅಲ್ಲವೇ ತಲೆ ಸಿಡೀತಿದೆ ಅಂತ ಈ ಮೇಜಿನಿಂದ ಎದ್ದವಳು ಅಂಗಳ ದಾಟಲಿಲ್ಲ — ಒಂದಿದೆ ಅಮ್ಮ, ಓದ್ತೀನಿ, ಓದತೊಡಗಿದ ಮೇಲೆ ಹೊಳೆಯಿತು ಓದಬಾರದಿತ್ತೆಂದು, ಆದರೆ ನಾಲಿಗೆ ನಿಲ್ಲಲಿಲ್ಲ — ತೆಪಾಏರು, ಇದನ್ನು ಅಮ್ಮನಿಗೆ ನಾನು ಹೇಳೇ ಇಲ್ಲ, ಅಪ್ಪ ವಾಕಾ ತಗೊಂಡು ಹೊರಟ ಬೆಳಿಗ್ಗೆ ದಡದಲ್ಲಿ ನಾನೊಬ್ಬಳೇ ಇದ್ದೆ, ನಿಮ್ಮಮ್ಮನಿಗೆ ಹೇಳು ಅಂತ ಅಪ್ಪ — ಅಷ್ಟೇ, ಮುಂದೆ ಬರೀ ಬಿಳಿ, ಮೂವತ್ತೊಂದು ವರ್ಷವಾಯಿತು ಅಪ್ಪ ಸಮುದ್ರದಿಂದ ಬಾರದೆ, ಏನು ಹೇಳೆಂದಿದ್ದ, ಮೀ ಬೇರೆ ಪದದ ಕೆಳಗೆ ಮೊದಲೇ ಬರೆದಿಟ್ಟಿದ್ದಳೇ, ಸಮುದ್ರ ಎಂಬುದರ ಕೆಳಗೆ, ಗಂಡ ಎಂಬುದರ ಕೆಳಗೆ, ನಾನು ಅಳಿಸಿದ್ದರಲ್ಲಿ ಎಲ್ಲಾದರೂ — ಅಮ್ಮನ ಕೈ ತಡಕಾಡಿ ನನ್ನ ಮಣಿಕಟ್ಟು ಹಿಡಿಯಿತು, ಆಮೇಲೆ?, ಏನಂದ್ರಂತೆ ನಿಮ್ಮಪ್ಪ?, ಓದೇ, ಆಮೇಲೆ?, ಕಾಣದ ಆ ಎರಡು ಕಣ್ಣು ಅಗಲವಾಗಿ ತೆರೆದು ಬಿಳಿ ಪರದೆಯಲ್ಲಿ ನೆಟ್ಟಿವೆ, ರೆಪ್ಪೆ ಬಡಿಯುತ್ತಿಲ್ಲ, ಆಮೇಲೆ?, ತೆರೆದೇ ಇವೆ