ಕಾಡಿಗೆ ಹೋಗುವ ತಿಂಗಳು

"ಡಿಸೆಂಬರ್ರೇ ಚಲೋ ರೀ," ಎಂದು ಮಲ್ಲಣ್ಣ ತನ್ನ ಫೋನನ್ನು ಹೆಡ್‌ಮಾಸ್ತರರ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ. "ನೋಡ್ರಿ, ಇದರಾಗ ಬರ್ದಾರ. ಮಳಿ ಮುಗ್ದಿರ್ತದ, ಕಾಡು ಹಸರಿರ್ತದ, ಥಂಡಿ ಹೊತ್ತಿನಾಗ ಪ್ರಾಣಿ ಹೊರಗ ಬರ್ತಾವ. ಫೆಬ್ರವರಿ ಅಂದ್ರ ಎಲಿ ಉದುರಿ ಖಾಲಿ ಕಾಡು. ಏಪ್ರಿಲ್ ಅಂತೂ ಬ್ಯಾಡೇ ಬ್ಯಾಡ, ಬೆಂಕಿ ಬೀಳೋ ಹೊತ್ತು."

ದೇವಾಪುರದ ಸರಕಾರಿ ಪ್ರೌಢಶಾಲೆಗೆ ಅರಣ್ಯ ಇಲಾಖೆಯಿಂದ ಪತ್ರ ಬಂದು ವಾರವಾಗಿತ್ತು. ಒಂಬತ್ತನೇ ತರಗತಿಯ ಇಪ್ಪತ್ತು ಮಕ್ಕಳಿಗೆ ನಾಗರಹೊಳೆಯ ಕಾಡಂಚಿನಲ್ಲಿ ಐದು ದಿನಗಳ ನಿಸರ್ಗ ಶಿಬಿರ. ಡೇರೆಯಲ್ಲಿ ವಾಸ, ಬೆಳಿಗ್ಗೆ ಕಾಡಿನೊಳಗೆ ನಡಿಗೆ. ಡಿಸೆಂಬರ್, ಫೆಬ್ರವರಿ, ಏಪ್ರಿಲ್, ಈ ಮೂರರಲ್ಲಿ ಒಂದನ್ನು ಶಾಲೆಯೇ ಆರಿಸಿಕೊಳ್ಳಬೇಕು. ಇಲಾಖೆಯವರು ನಡೆಸಿದ ಪರೀಕ್ಷೆಯಲ್ಲಿ ಹತ್ತು ಹುಡುಗರು, ಹತ್ತು ಹುಡುಗಿಯರು ಪಾಸಾಗಿದ್ದರು. ಅವರನ್ನೆಲ್ಲ ನಾಲ್ಕು ತಿಂಗಳಿನಿಂದ ಕಾಲುವೆ ದಂಡೆಯ ಮೇಲೆ ನಿಲ್ಲಿಸಿ ಹಕ್ಕಿಗಳ ಹೆಸರು ಕಲಿಸಿದವಳು ವಿಜ್ಞಾನದ ಟೀಚರ್ ಪರಿಮಳಾ.

"ಡಿಸೆಂಬರ್ ಯಾರಿಗಿ ಚಲೋ ರೀ?" ಎಂದು ಅವಳು ಕೇಳಿದಳು.

"ಹುಲಿಗಿ, ಮೇಡಂ," ಎಂದು ಮಲ್ಲಣ್ಣ ನಕ್ಕ. ಅವನು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಪಕ್ಕದಲ್ಲಿದ್ದ ಪಿ.ಟಿ. ಮಾಸ್ತರ ಸುನೀಲಕುಮಾರನೂ ನಕ್ಕ. ಹೆಡ್‌ಮಾಸ್ತರ ಫಕ್ರುದ್ದೀನ ಸರ್ ಮಾತ್ರ ನಗದೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

ಆ ನಗು ಪರಿಮಳಾಳ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು. ಮಡಿಲಲ್ಲಿದ್ದ ಹಾಜರಿ ಪುಸ್ತಕವನ್ನು ತೆರೆದು ಮೇಜಿನ ಮೇಲೆ, ಫೋನಿನ ಮೇಲೆಯೇ ಇಟ್ಟಳು. "ಹೋದ ವರ್ಷ ಡಿಸೆಂಬರ್ ಹತ್ತನೇ ತಾರೀಕು ನೋಡ್ರಿ. ಮೂವತ್ನಾಕು ಹುಡುಗ್ಯಾರಾಗ ಸಾಲಿಗಿ ಬಂದಾಕ್ಯಾರು ಹನ್ನೊಂದು. ಉಳಿದವರು ಎಲ್ಲಿದ್ರು? ನಿಮ್ಮ ಹೊಲದಾಗ ಹತ್ತಿ ಬಿಡಸಾಕತ್ತಿದ್ರು. ಈ ಸಲ ಪಾಸಾದ ಹತ್ತು ಹುಡುಗ್ಯಾರಾಗೂ ಆರು ಮಂದಿ ಹತ್ತಿಗಿ ಹೋಗಾಕ್ಯಾರು."

"ನನ್ನ ಹೊಲದಾಗ ಅಷ್ಟೇ ಅಲ್ರಿ, ಊರಾಗ ಎಲ್ಲಾರ ಹೊಲದಾಗ." ಮಲ್ಲಣ್ಣ ಪುಸ್ತಕದ ಕೆಳಗಿನಿಂದ ಫೋನನ್ನು ಮೆಲ್ಲಗೆ ಎಳೆದುಕೊಂಡ. "ಫೆಬ್ರವರಿ ಬಂದ್ರ ಮೆಣಸಿನಕಾಯಿ, ಏಪ್ರಿಲ್ ಬಂದ್ರ ಭತ್ತ. ನೀರಾವರಿ ಊರು ಇದು ಮೇಡಂ. ನಿಮ್ಮ ಹಿಸಾಬಿನಾಗ ಹೋದ್ರ ಯಾವ ತಿಂಗಳೂ ಹೊಂದಂಗಿಲ್ಲ."

"ಮೆಣಸಿನಕಾಯಿ ಊರಾಗ ನಾಕು ಮಂದಿ ಹಾಕ್ಯಾರ. ಫೆಬ್ರವರಿಯಾಗ ನಿಮ್ಮ ಮನ್ಯಾಗ ಲಗ್ನ ಅದ. ಅದನ್ನ ಹೇಳ್ರಿ."

ಮಲ್ಲಣ್ಣನ ಮುಖ ಕೆಂಪಾಯಿತು.

"ಹೌದ್ರಿ, ಅದ. ನನ್ನ ಮಗಳು ಸೌಭಾಗ್ಯಾನೂ ಪಾಸಾಗ್ಯಾಳ. ಅಣ್ಣನ ಲಗ್ನ ಬಿಟ್ಟು ಹ್ಯಾಂಗ ಹೋಗ್ತಾಳ? ಮತ್ತ ಆ ಹುಡುಗ್ಯಾರಿಗಿ ಬ್ಯಾಡ ಅಂದೋರು ಯಾರು? ಬರ್ತೀನಂದ್ರ ಬರ್ಲಿ."

ಬರ್ತೀನಂದ್ರ ಬರ್ಲಿ. ಪರಿಮಳಾಳಿಗೆ ಶಹಾಪುರ ತಾಲೂಕಿನ ತನ್ನ ಊರಿನ ಶಾಲೆ ನೆನಪಾಯಿತು. ಒಂಬತ್ತನೇ ತರಗತಿಯವರನ್ನು ನಾರಾಯಣಪುರದ ಡ್ಯಾಮಿಗೆ ಕರೆದೊಯ್ಯುವವರಿದ್ದರು. ಮಾಸ್ತರರು ಒಂದೊಂದೇ ಹೆಸರು ಕೂಗಿ ಬರ್ತೀರಾ ಎಂದು ಕೇಳುತ್ತ ಬಂದು, ಅವಳ ಹೆಸರಿಗೆ ಬಂದಾಗ, "ನೀ ಬಿಡವ್ವ, ಹತ್ತಿಗಿ ಹೋಗ್ತಿರ್ತಿ," ಎಂದು ತಲೆ ಎತ್ತದೆ ಮುಂದಿನ ಹೆಸರಿಗೆ ಹೋಗಿದ್ದರು. ಬೈದಿರಲಿಲ್ಲ. ಕನಿಕರದಿಂದಲೇ ಹೇಳಿದ್ದರು. ಅವಳು ಅದನ್ನು ಅವ್ವನಿಗೂ ಹೇಳಿರಲಿಲ್ಲ. ಇಪ್ಪತ್ತು ವರ್ಷ ಎದೆಯಲ್ಲಿ ತಣ್ಣಗೆ ಬಿದ್ದುಕೊಂಡಿದ್ದ ಆ ಮಾತು ಈಗ ಒಮ್ಮೆಲೇ ಭುಗಿಲೆಂದಿತು.

"ಹಂಗಾದ್ರ ನಾ ಬರಂಗಿಲ್ಲ," ಎಂದಳು.

ಹುಡುಗಿಯರು ಹೋಗಬೇಕಾದರೆ ಒಬ್ಬ ಶಿಕ್ಷಕಿ ಜೊತೆಗಿರಬೇಕೆಂದು ಪತ್ರದಲ್ಲೇ ಇತ್ತು. ಶಾಲೆಯಲ್ಲಿದ್ದ ಇನ್ನೊಬ್ಬ ಶಿಕ್ಷಕಿ ಗುರುದೇವಿ ಏಳು ತಿಂಗಳ ಬಸುರಿ. ಫಕ್ರುದ್ದೀನ ಸರ್ ಗಾಬರಿಯಾಗಿ, "ಸಿಟ್ಟಿನಾಗ ಮಾತಾಡಬ್ಯಾಡ್ರಿ ಮೇಡಂ, ನೀವು ಅನ್ನೋದೂ ಬರೋಬರ್ ಅದ," ಎನ್ನುತ್ತಿರುವಾಗಲೇ ಅವಳು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದ್ದಳು. ಅಧ್ಯಕ್ಷರು ತಮ್ಮ ಮನೆಯ ಅನುಕೂಲ ನೋಡಿ ತಿಂಗಳನ್ನು ಆರಿಸಿದ್ದಾರೆ, ಬಡ ವಿದ್ಯಾರ್ಥಿನಿಯರನ್ನು ಹೊರಗಿಟ್ಟ ಶಿಬಿರಕ್ಕೆ ನಾನು ಬರುವುದಿಲ್ಲ. ಸಹಿ ಮಾಡುವಾಗ ಪೆನ್ನಿನ ಮೊನೆ ಕಾಗದವನ್ನು ಹರಿಯಿತು.

ಎರಡು ದಿನ ಬಿಟ್ಟರೆ ದಾರಿಗೆ ಬರುತ್ತಾರೆಂದು ಅವಳು ಎಣಿಸಿದ್ದಳು. ಮೂರನೆಯ ದಿನ ಸೂಚನಾ ಫಲಕದಲ್ಲಿ ಪಟ್ಟಿ ಬಂತು. ಡಿಸೆಂಬರ್ ಹತ್ತರಿಂದ ಹದಿನಾಲ್ಕು. ಹತ್ತು ಹುಡುಗರ ಹೆಸರು, ಸುನೀಲಕುಮಾರನ ಹೆಸರು. ಕೆಳಗೆ ಒಂದು ಸಾಲು: ಶಿಕ್ಷಕಿ ಲಭ್ಯವಿಲ್ಲದ ಕಾರಣ ವಿದ್ಯಾರ್ಥಿನಿಯರನ್ನು ಕೈಬಿಡಲಾಗಿದೆ.

"ಇದೇನ್ರಿ ಸರ್ ಇದು?"

"ಹುಡುಗ್ರನ್ನಾದರೂ ಕಳಸಬೇಕಲ್ರಿ," ಎಂದರು ಫಕ್ರುದ್ದೀನ ಸರ್. ಅವರ ದನಿಯಲ್ಲಿ ತಪ್ಪಿತಸ್ಥನ ಅಳುಕಿತ್ತು. "ನೀವೇ ಬರ್ದು ಕೊಟ್ಟೀರಿ. ನಾ ಏನ್ ಮಾಡ್ಲಿ?"

ತರಗತಿಯಲ್ಲಿ ಸೌಭಾಗ್ಯ ಪುಸ್ತಕ ತೆರೆಯಲಿಲ್ಲ. ಅತ್ತು ಕೆಂಪಾಗಿದ್ದ ಕಣ್ಣುಗಳಿಂದ ಟೀಚರನ್ನೇ ನೋಡುತ್ತ ಕೂತಳು. ಮೂರನೆಯ ಬೆಂಚಿನಲ್ಲಿ ಮೋನಮ್ಮ ಇರಲಿಲ್ಲ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವಳದೇ. ನಾಲ್ಕು ದಿನದಿಂದ ಅವಳು ಶಾಲೆಗೆ ಬಂದಿರಲಿಲ್ಲ. ಅವಳಂತೆ ಹತ್ತಿಗೆ ಹೋಗುವ ಉಳಿದ ಐವರೂ. ಆ ಖಾಲಿ ಜಾಗಗಳನ್ನು ಕಂಡು ಪರಿಮಳಾ ಒಳಗೊಳಗೇ, ನೋಡ್ರಿ, ನಾ ಹೇಳಲಿಲ್ಲೇನು, ಎಂದುಕೊಂಡಳು. ತನ್ನ ಸಿಟ್ಟು ಸರಿಯಾಗಿಯೇ ಇದೆ ಎನ್ನಿಸಿತು. ಊರಲ್ಲಿ ಯಾರೋ ಏನೋ ಹೇಳುವ ಮೊದಲು ತಾನೇ ಹೋಗಿ ಆ ತಾಯಂದಿರಿಗೆ ವಿಷಯ ತಿಳಿಸಬೇಕೆಂದು ಮಧ್ಯಾಹ್ನದ ಊಟದ ಹೊತ್ತಿಗೆ ಸ್ಕೂಟಿ ಹತ್ತಿದಳು.

ಮಲ್ಲಣ್ಣನ ಹೊಲ ಕಾಲುವೆಯ ಆಚೆಗೆ. ಹತ್ತಿ ಒಡೆದು ಹೊಲಕ್ಕೆ ಹೊಲವೇ ಬೆಳ್ಳಗಾಗಿತ್ತು. ಸಾಲುಗಳ ನಡುವೆ ಉಡಿ ಕಟ್ಟಿಕೊಂಡ ಹೆಂಗಸರು ಬಗ್ಗಿದ್ದರು. ಬದುವಿನ ಜಾಲಿ ಮರದ ಕೆಳಗೆ ಮೋನಮ್ಮನ ತಾಯಿ ದೇವಕಮ್ಮ ರೊಟ್ಟಿ ಗಂಟು ಬಿಚ್ಚುತ್ತಿದ್ದವಳು, ಟೀಚರನ್ನು ಕಂಡು ಎದ್ದು ನಿಂತಳು.

ಪರಿಮಳಾ ನಡೆದದ್ದನ್ನೆಲ್ಲ ಹೇಳಿದಳು. ಸಭೆ, ಹಾಜರಿ ಪುಸ್ತಕ, ಮಲ್ಲಣ್ಣನ ಮಾತು, ತಾನು ಬರೆದುಕೊಟ್ಟದ್ದು. ಹೇಳುತ್ತ ಹೋದಂತೆ ದೇವಕಮ್ಮನ ಮುಖದಲ್ಲಿ ತಾನು ಎಣಿಸಿದ್ದ ಮೆಚ್ಚುಗೆ ಕಾಣಿಸದೆ ಪರಿಮಳಾಳ ದನಿ ತಗ್ಗಿತು.

"ನನ್ನ ಮಗಳು ಬರಂಗಿಲ್ಲ ಅಂತ ನಿಮಗ ಯಾರು ಹೇಳಿದ್ರಿ?" ಎಂದು ದೇವಕಮ್ಮ ಕೇಳಿದಳು.

"ಹತ್ತಿ ಬಿಡಸೋ ಹೊತ್ತು ಅಂತ..."

"ಹತ್ತಿ ಬಿಡಸೋದು ನನಗ ಗೊತ್ತಿಲ್ಲೇನ್ರಿ? ಇಪ್ಪತ್ತು ವರ್ಷ ಆತು ಬಿಡಸಾಕತ್ತು." ದೇವಕಮ್ಮನ ದನಿ ಏರಿತು. ಹತ್ತಿರದ ಸಾಲುಗಳಲ್ಲಿ ಕೈಗಳು ನಿಂತವು. "ಪಾಸಾದ ದಿನಾನೇ ಧಣೇರಿಗಿ ಹೇಳೀನಿ, ಅಕಿ ಯಾವಾಗ ಕರೀತಾರ ಆವಾಗ ಐದು ದಿನ ಹೋಗ್ತಾಳ ಅಂತ. ಹೂಂ ಅಂದಾರ. ನನ್ನ ತಂಗಿ ಸುಗಲಮ್ಮ ಮುದನಾಳದಿಂದ ಬಂದು ಅಕಿ ಸಾಲು ಹಿಡೀತೀನಂದಾಳ. ಮತ್ತ ಇಕಿ ಯಾಕ ಸಾಲಿ ಬಿಟ್ಟು ಬಂದಾಳಂತ ತಿಳಿದೀರಿ? ಹೋಗೋದರಾಗ ಅಷ್ಟು ಕೆಲಸ ಮುಗಿಸ್ತೀನಂತ ಬಂದಾಳ. ನಾಕು ದಿನದಿಂದ ನಸುಕಿನಾಗ ಎದ್ದು ಬಿಡಸಾಕತ್ತಾಳ, ನೋಡ್ರಿ ಅಲ್ಲಿ."

ನಾಲ್ಕು ಸಾಲಿನಾಚೆ ಮೋನಮ್ಮ ನಿಂತಿದ್ದಳು. ತುಂಬಿದ ಉಡಿಯಿಂದ ಅವಳ ಸಣ್ಣ ಮೈ ಮುಂದಕ್ಕೆ ಬಾಗಿತ್ತು.

"ನಿಮ್ಮ ಸಲುವಾಗೇ ಜಗಳ ಮಾಡೀನಿ ಅಕ್ಕಾ," ಎಂದಳು ಪರಿಮಳಾ.

"ಜಗಳ ಮಾಡಾಕ ನಮಗ ಬಾಯಿಲ್ಲೇನ್ರಿ? ಒಂದು ಮಾತು ಕೇಳಬೇಕಿತ್ತಿಲ್ಲ? ನಮ್ಮ ಮನಿ ದೂರಿತ್ತಾ? ಮಲ್ಲಣ್ಣ ಧಣಿ ಕೇಳಲಿಲ್ಲ, ಹೋಗ್ಲಿ, ಅವರು ಕೇಳಾಂಗಿಲ್ಲ. ನೀವು ನಮ್ಮಾಕಿ ಅಂತ ತಿಳಿದಿದ್ದೆ ನಾನು."

ಪರಿಮಳಾ ಮೋನಮ್ಮನ ಕಡೆ ನೋಡಿದಳು. "ಮೋನಮ್ಮಾ..."

"ನಲವತ್ತೊಂದು ಹಕ್ಕಿ ಬಾಯಿಪಾಠ ಮಾಡೀನ್ರಿ," ಎಂದಳು ಹುಡುಗಿ. ಅಷ್ಟೇ ಹೇಳಿ ಬೆನ್ನು ತಿರುಗಿಸಿ ಮತ್ತೆ ಬಗ್ಗಿದಳು. ಅವಳ ಎರಡೂ ಕೈಗಳು ಗಿಡದಿಂದ ಗಿಡಕ್ಕೆ ಎಷ್ಟು ಜೋರಾಗಿ ಓಡಿದವೆಂದರೆ, ಅವಳು ಬಿಡಿಸುತ್ತಿದ್ದಾಳೋ ಕೀಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

ಸಂಜೆ ಪರಿಮಳಾ ಫಕ್ರುದ್ದೀನ ಸರ್ ಮನೆಯ ಬಾಗಿಲಲ್ಲಿ ನಿಂತು, ತಾನು ಶಿಬಿರಕ್ಕೆ ಬರುವುದಾಗಿ ಹೇಳಿದಳು. ಅವರು ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನು ಹಚ್ಚಿದರು. ಹುಡುಗಿಯರ ಜಾಗ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಹೊಸ ಪಟ್ಟಿ ಬಂದರೆ ಸೇರಿಸಿಕೊಳ್ಳುವುದಾಗಿ ಹೇಳಿದರು. ಪಟ್ಟಿಯ ಮೇಲೆ ಅಧ್ಯಕ್ಷರ ಸಹಿ ಬೇಕಿತ್ತು.

ಮಲ್ಲಣ್ಣ ತನ್ನ ಮನೆಯ ಪಡಸಾಲೆಯಲ್ಲಿ ಕೂತಿದ್ದ. ಅವಳು ಕೊಟ್ಟ ಹಾಳೆಯನ್ನು ಓದಿ, ಸಹಿ ಮಾಡದೆ ತೊಡೆಯ ಮೇಲಿಟ್ಟುಕೊಂಡ.

"ಕೂಡ್ರಿ."

"ನಿಂತೇ ಇರ್ತೀನಿ."

"ಮೊದಲು ಬರ್ದದ್ದು ತಪ್ಪಂತ ಇದರಾಗ ಒಂದು ಸಾಲು ಬರೀರಿ. ಆ ಕಾಗದ ಸುರಪುರದ ಶಿಕ್ಷಣ ಇಲಾಖಿ ಆಫೀಸಿಗಿ ಹೋಗ್ಯಾದ. ನನ್ನ ಹೆಸರು ಹಾಳಾಗ್ಯಾದ."

"ಲಗ್ನದ ಸಲುವಾಗಿ ಫೆಬ್ರವರಿ ಬ್ಯಾಡಂದ್ರೋ ಇಲ್ಲೋ?"

"ಅಂದೆ."

"ಮತ್ತ ನಾ ಬರ್ದದ್ರಾಗ ತಪ್ಪೇನದ?"

"ದೇವಕಮ್ಮನ ಮಗಳಿಗಿ ನಾ ಬ್ಯಾಡಂದಿದ್ನೇನ್ರಿ? ಅದನ್ನ ಯಾಕ ಬರೀಲಿಲ್ಲ ನೀವು?" ಮಲ್ಲಣ್ಣ ಮೊದಲ ಸಲ ದನಿ ಏರಿಸಿದ. "ಊರ ಮಂದಿ ಮುಂದ ನನ್ನ ಕಟುಕನ್ನ ಮಾಡಿ ಕೂಡ್ಸೀರಿ!"

ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ಅದು ನನಗ ಗೊತ್ತಿರಲಿಲ್ಲ," ಎಂದಳು. "ಆ ಒಂದು ಮಾತು ಬರೀತೀನಿ. ಉಳಿದದ್ದು ಅಳಸಂಗಿಲ್ಲ."

ಒಳಬಾಗಿಲ ಪರದೆ ಅಲುಗಿತು. ಸೌಭಾಗ್ಯ ಅಲ್ಲಿ ನಿಂತಿದ್ದಳು. ಮಲ್ಲಣ್ಣ ಆ ಕಡೆ ಒಮ್ಮೆ ನೋಡಿ, ಜೇಬಿನಿಂದ ಪೆನ್ನು ತೆಗೆದ.

"ನನ್ನ ಮಗಳ ಸಲುವಾಗಿ ಸಹಿ ಮಾಡಾಕತ್ತೀನಿ. ನಿಮ್ಮ ಸಲುವಾಗಿ ಅಲ್ಲ."

"ನಾನೂ ನಿಮ್ಮ ಸಲುವಾಗಿ ಬರಾಕತ್ತಿಲ್ಲ," ಎಂದು ಪರಿಮಳಾ ಹಾಳೆ ತೆಗೆದುಕೊಂಡಳು.

ಆ ರಾತ್ರಿಯೇ ಅವಳು ಉಳಿದ ಐದು ಹುಡುಗಿಯರ ಮನೆಗೂ ಹೋಗಿ ಕೇಳಿದಳು. ಮೂವರ ತಾಯಂದಿರು ದೇವಕಮ್ಮನ ಹಾಗೆಯೇ ಏನೋ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಶರಣಮ್ಮನ ಅಪ್ಪ ಬಾಗಿಲಲ್ಲೇ ನಿಂತು, ಹೆಣ್ಣುಮಕ್ಕಳನ್ನು ಕಾಡಿಗೆ ಕಳಿಸುವುದಿಲ್ಲ, ಯಾವ ತಿಂಗಳಾದರೂ ಇಲ್ಲ, ಎಂದ. ಹುಲಿಗೆಮ್ಮನಿಗೆ ತಾಯಿ ಇರಲಿಲ್ಲ. ಇಬ್ಬರು ತಮ್ಮಂದಿರಿಗೆ ಅನ್ನ ಬಡಿಸುತ್ತ ಅವಳು ಹೇಳಿದಳು: "ಹತ್ತಿ ಮುಗಿಯೋತನ ಅಪ್ಪ ನನ್ನ ಬಿಡಂಗಿಲ್ರಿ. ಫೆಬ್ರವರಿ ಆಗಿದ್ರ ಬರ್ತಿದ್ದೆ ಟೀಚರ್."

ಪರಿಮಳಾ ಆ ಮನೆಯ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಸಿಟ್ಟು ಇನ್ನೂ ಇತ್ತು. ಮೊದಲು ಅದಕ್ಕೆ ಒಂದೇ ಮುಖವಿತ್ತು, ಮಲ್ಲಣ್ಣನದು. ಈಗ ಅದರಲ್ಲಿ ತನ್ನ ಮುಖವೂ ಸೇರಿತ್ತು.

ಡಿಸೆಂಬರ್ ಒಂಬತ್ತರಂದು ಯಾದಗಿರಿಯಲ್ಲಿ ರೈಲು ಹತ್ತಿದವರು ಹತ್ತು ಹುಡುಗರು, ಎಂಟು ಹುಡುಗಿಯರು. ದಾರಿಯುದ್ದಕ್ಕೂ ಮೋನಮ್ಮ ಟೀಚರ್ ಜೊತೆ ಮಾತಾಡಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ರಿ, ಅಷ್ಟೇ. ಸೌಭಾಗ್ಯ ತಂದ ಶೇಂಗಾ ಹೋಳಿಗೆಯನ್ನು ಅವಳೂ ಮೋನಮ್ಮನೂ ಕಿಟಕಿಯ ಪಕ್ಕ ಕೂತು ತಿಂದರು.

ಶಿಬಿರದಲ್ಲಿ ಇಬ್ಬಿಬ್ಬರಿಗೆ ಒಂದರಂತೆ ಡೇರೆ ಹಾಕಿದ್ದರು. ಹುಡುಗಿಯರ ಕಡೆಗೆ ಐದು, ಪಕ್ಕದಲ್ಲಿ ಪರಿಮಳಾಳಿಗೆ ಬೇರೆಯದು. ಸಂಜೆ ಎಲ್ಲರೂ ಚೀಲ ಇಟ್ಟ ಮೇಲೆ ಐದರಲ್ಲಿ ಒಂದು ಉಳಿಯಿತು. ಅರಣ್ಯ ಕಾವಲುಗಾರ ಬಂದು, "ಇದನ್ನ ಬಿಚ್ಚಿಬಿಡ್ಲಾ ಮೇಡಂ? ಯಾರೂ ಇಲ್ವಲ್ಲ," ಎಂದು ಗೂಟಕ್ಕೆ ಕೈ ಹಾಕಿದ.

"ಬಿಚ್ಚಬ್ಯಾಡ್ರಿ!" ಮೋನಮ್ಮ ಎಷ್ಟು ಗಟ್ಟಿಯಾಗಿ ಕೂಗಿದಳೆಂದರೆ ಹುಡುಗರ ಕಡೆಯವರೂ ತಿರುಗಿ ನೋಡಿದರು. "ಅದು ಹುಲಿಗೆಮ್ಮಂದು, ಶರಣಮ್ಮಂದು."

ಕಾವಲುಗಾರ ಅರ್ಥವಾಗದೆ ಪರಿಮಳಾಳ ಮುಖ ನೋಡಿದ. ಅವಳು ಮೋನಮ್ಮನ ಮುಖ ನೋಡಿದಳು.

"ಇರ್ಲಿ ಬಿಡ್ರಿ," ಎಂದಳು.

ಬೆಳಗಿನ ಜಾವ ಮರಗಳ ಆಚೆ ಯಾವುದೋ ಹಕ್ಕಿ ಕೂಗಿತು. ಪರಿಮಳಾ ಶಾಲು ಹೊದ್ದು ಹೊರಗೆ ಬಂದಳು. ಹುಡುಗಿಯರ ಐದೂ ಡೇರೆಗಳ ಮೇಲೆ ಇಬ್ಬನಿ ಒಂದೇ ಸಮನಾಗಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ನಾಲ್ಕು ಬಾಗಿಲುಗಳು ಅಲುಗಿದವು, ಹುಡುಗಿಯರು ಕಣ್ಣುಜ್ಜುತ್ತ ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು.