ಅವಸರದ ಅಡಿವೆಪ್ಪ

ಅಡಿವೆಪ್ಪನ ಬೆರಳು ಯಾವ ವಾರ ಹೋಗಬೇಕು ಎಂಬುದನ್ನು ಚನಬಸಪ್ಪ ಹತ್ತು ವಾರ ಮೊದಲೇ ತೀರ್ಮಾನಿಸಿಬಿಟ್ಟಿದ್ದ. ತೀರ್ಮಾನಿಸಿದ ದಿನ ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ, ಪೀಣ್ಯ ಎರಡನೇ ಹಂತದ ಗೇಟಿನೆದುರು ನಿಂತು ಎರಡು ಪ್ಲೇಟು ಬಾಳೆಕಾಯಿ ಬಜ್ಜಿ ಒಬ್ಬನೇ ತಿಂದ. ಈಗ ಅವನು ಆ ಬಜ್ಜಿ ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

ಅಡಿವೆಪ್ಪ ನಿಜವಾದ ಮನುಷ್ಯನಲ್ಲ, ಕಾಗದದ ಮೇಲಿನವನು. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ ಅದು. ತಗಡು ಒತ್ತಿ ಬಿಡಿಭಾಗ ತೆಗೆಯುವ ಆ ಕಾರ್ಖಾನೆಯಲ್ಲಿ ಹನ್ನೆರಡು ಪ್ರೆಸ್ಸುಗಳಿದ್ದವು, ಗೋಡೆ ತುಂಬ ಸುರಕ್ಷತೆಯ ಇಂಗ್ಲಿಷ್ ಫಲಕಗಳಿದ್ದವು. ಫಲಕ ಓದುತ್ತಿದ್ದದ್ದು ಹಲ್ಲಿಗಳು ಮಾತ್ರ. ರಾಜ್ಯೋತ್ಸವದ ಬ್ಯಾನರ್ ಬರೆದಿದ್ದ ಚನಬಸಪ್ಪನನ್ನು ಆಫೀಸಿನ ವನಜಾ ಮೇಡಂ ಕರೆಸಿದರು.

"ವಾರಕ್ಕೊಂದು ಕಾಮಿಕ್ಸ್ ಮಾಡ್ಕೊಡ್ರಿ ಚನಬಸಪ್ಪ. ಹತ್ತು ವಾರ. ಕೊನೇಲಿ ಒಂದು ಆಕ್ಸಿಡೆಂಟ್ ಆಗ್ಲೇಬೇಕು, ಜನಕ್ಕೆ ಭಯ ಹುಟ್ಬೇಕು. ಆದ್ರೆ ಬೋರ್ ಹೊಡೀಬಾರ್ದು."

ಯಲಬುರ್ಗಾ ಕಡೆಯ ಚನಬಸಪ್ಪ ತಪಾಸಣೆ ಮೇಜಿನಲ್ಲಿ ಕೂತು ಪೀಸುಗಳ ಅಳತೆ ನೋಡುವವನು. ಊರಲ್ಲಿ ಗೋಡೆಬರಹ ಬರೆದು ಕೈ ಪಳಗಿತ್ತು. ಚಿತ್ರ ಅಷ್ಟಕ್ಕಷ್ಟೇ, ಮಾತು ಮಾತ್ರ ಚುರುಕು. ಒಳಗೊಳಗೇ ತಾನೊಬ್ಬ ಲೇಖಕನೆಂಬ ಜಂಬವೂ ಇತ್ತು.

ಮೊದಲು ಅವನು ಬರೆದದ್ದು ಯಾವ ತಪ್ಪೂ ಮಾಡದ ಆದರ್ಶ ಕಾರ್ಮಿಕನನ್ನು. ಕ್ಯಾಂಟೀನಿನ ಕೈತೊಳೆಯುವ ನಲ್ಲಿಯ ಪಕ್ಕದ ಬೋರ್ಡಿಗೆ ಅಂಟಿಸಿದ ಆ ಹಾಳೆಯ ಮುಂದೆ ಒಂದು ನರಪಿಳ್ಳೆಯೂ ನಿಲ್ಲಲಿಲ್ಲ. ತಪ್ಪು ಮಾಡದವನಿಗೆ ಜನ ಕೈ ಮುಗಿಯುತ್ತಾರೆ, ಅವನ ಜೊತೆ ನಗುವುದಿಲ್ಲ ಎಂದು ಚನಬಸಪ್ಪನಿಗೆ ಅರ್ಥವಾಯಿತು. ನಗದಿದ್ದರೆ ಅವನು ಹಾಳಾಗಿ ಹೋದರೂ ಯಾರಿಗೂ ಚಿಂತೆಯಿಲ್ಲ. ಹಾಗಾಗಿ ಎರಡನೇ ಸಲ ಅವನು ಪಾತ್ರವನ್ನು ಕೌದಿಯಂತೆ ಹೊಲಿದ. ಒಬ್ಬನ ಹರಕು, ಇನ್ನೊಬ್ಬನ ಮುರುಕು, ಎಲ್ಲ ಸೇರಿಸಿ ಹೊದೆಯುವಂಥದ್ದೊಂದು.

ನಡಿಗೆ, ಮಾತು, ಮುಖ ಇಷ್ಟನ್ನೂ ಸಿದ್ರಾಮನಿಂದ ತೆಗೆದುಕೊಂಡ. ಸಿದ್ರಾಮ ಅವನದೇ ಊರಿನವನು. ನಾಗಸಂದ್ರದಲ್ಲಿ ಇಬ್ಬರದೂ ಒಂದೇ ಬಾಡಿಗೆ ರೂಮು. ಐದು ವರ್ಷದ ಹಿಂದೆ ಅವನನ್ನು ಕರೆತಂದು ಏಳನೇ ನಂಬರಿನ ಪ್ರೆಸ್ಸಿಗೆ ಹಚ್ಚಿಸಿದವನೂ ಚನಬಸಪ್ಪನೇ. ಸಿದ್ರಾಮ ಮೊಣಕೈ ಅಗಲಿಸಿಕೊಂಡು, ಅಕ್ಕಪಕ್ಕ ಎರಡು ಎತ್ತು ಹಿಡಿದವನಂತೆ ನಡೆಯುತ್ತಿದ್ದ. ಬೆಳಿಗ್ಗೆ ಮೆಷೀನಿಗೆ "ಶರಣವ್ವಾ" ಎಂದು ಕೈ ಮುಗಿದೇ ಕೆಲಸ ಶುರು ಮಾಡುತ್ತಿದ್ದ, ದಿನವಿಡೀ ಅದರೊಂದಿಗೆ ಮಾತಾಡುತ್ತಿದ್ದ. ನೋಡಿದರೆ ಯಾರಿಗಾದರೂ ನಗು ಬರಬೇಕು. ಆದರೆ ಹನ್ನೆರಡು ಪ್ರೆಸ್ಸಿನವರಲ್ಲಿ ಅವನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಐದು ವರ್ಷದಲ್ಲಿ ಒಂದು ತರಚುಗಾಯವೂ ಇಲ್ಲ. ಇದರಿಂದ ಕಥೆ ನಡೆಯುವುದಿಲ್ಲ, ಒಂದು ದುರ್ಗುಣ ಬೇಕೇ ಬೇಕು.

ದುರ್ಗುಣವನ್ನು ಅವನು ಬೇರೆ ಕಡೆಯಿಂದ ತಂದ. ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ಮೇಲಿನ ಭಾರ ಇಳಿದು ತಗಡನ್ನು ಒತ್ತುತ್ತದೆ. ಕೈ ಎರಡೂ ಬಟನ್ನಿನ ಮೇಲಿರುವುದರಿಂದ ಒಳಗೆ ಸಿಕ್ಕುವ ಭಯವಿಲ್ಲ. ಅವಸರದವರು ಒಂದು ಬಟನ್ನನ್ನು ಬಟ್ಟೆ ಚೂರಿನಿಂದ ಬಿಗಿದು ಕಟ್ಟಿಬಿಡುತ್ತಾರೆ. ಆಗ ಒಂದು ಕೈ ಒತ್ತುತ್ತದೆ, ಇನ್ನೊಂದು ತಗಡು ಇಡುತ್ತದೆ, ಪಾಳಿ ಮುಗಿಯುವಷ್ಟರಲ್ಲಿ ನಾನೂರು ಪೀಸು ಹೆಚ್ಚು ಬಿದ್ದಿರುತ್ತದೆ. ಸೂಪರ್‌ವೈಸರ್ ಶಿವಶಂಕರ್ ಅಂಥದ್ದು ಕಂಡಾಗ ಚಾವಣಿ ನೋಡುತ್ತ ಹಾದುಹೋಗುತ್ತಿದ್ದ. ಈ ಚಟ ಸಿದ್ರಾಮನದಲ್ಲ, ಚನಬಸಪ್ಪನದು. ಏಳು ವರ್ಷದ ಹಿಂದೆ ಪ್ರೆಸ್ಸಿನ ಮೇಲಿದ್ದಾಗ ಅವನು ದಿನಾ ಬಟ್ಟೆ ಕಟ್ಟಿದ್ದ. ಆಗಿನವರೆಲ್ಲ ಕೆಲಸ ಬಿಟ್ಟು ಹೋಗಿದ್ದರು, ಅದು ಗೊತ್ತಿದ್ದವನು ಶಿವಶಂಕರ್ ಒಬ್ಬನೇ.

ಸಿದ್ರಾಮನ ಮೈಗೆ ತನ್ನ ಚಟ ಅಂಟಿಸಿ ಅವನಿಗೆ ಅವಸರದ ಅಡಿವೆಪ್ಪ ಎಂದು ಹೆಸರಿಟ್ಟ. ಅಪಘಾತವನ್ನು ಹತ್ತನೇ ವಾರಕ್ಕೆ ಇಟ್ಟುಕೊಂಡ. ಆದರೆ ಅದು ಆಕಾಶದಿಂದ ಬೀಳಬಾರದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಮೊದಲೇ ಒಂದು ತೊಟ್ಟು ಬಿಟ್ಟು, ಮುಚ್ಚಿಟ್ಟು ಸುಮ್ಮನಿರಬೇಕು. ಯಾವಾಗ ಗಟ್ಟಿಯಾಯಿತೆಂದು ಯಾರಿಗೂ ತಿಳಿಯಬಾರದು. ಅಡಿವೆಪ್ಪನ ಮೊದಲನೇ ವಾರದ ಹಾಳೆಯಲ್ಲಿ ಬಟನ್ನಿಗೆ ಕಟ್ಟಿದ ಬಟ್ಟೆಯನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದ, ಅದರ ಬಗ್ಗೆ ಮಾತೇ ಇಲ್ಲ. ಮೂರನೇ ವಾರ ಅದು ಸ್ವಲ್ಪ ದೊಡ್ಡದಾಯಿತು. ಈ ನಡುವೆ ಅಡಿವೆಪ್ಪ ಬಸ್ಸಿನಲ್ಲಿ ನಿದ್ದೆ ಹೋಗಿ ನೆಲಮಂಗಲದಲ್ಲಿ ಇಳಿದ, ಮೆಷೀನಿಗೆ ಹೇಳುವಂತೆ ಸಾಹೇಬರಿಗೂ "ಶರಣವ್ವಾ" ಎಂದು ಕೈ ಮುಗಿದ. ಜನ ಬಿದ್ದೂ ಬಿದ್ದೂ ನಕ್ಕರು. ಅವರು ಅವನನ್ನು ಪ್ರೀತಿಸತೊಡಗಿದ್ದು ಚನಬಸಪ್ಪನಿಗೆ ಗೊತ್ತಾಗುತ್ತಿತ್ತು. ಮೊದಲು ಪ್ರೀತಿ ಹುಟ್ಟಬೇಕು, ಆಮೇಲೆ ಪೆಟ್ಟು ಕೊಡಬೇಕು ಎಂಬುದೇ ಅವನ ಲೆಕ್ಕಾಚಾರವಾಗಿತ್ತು.

ನಾಲ್ಕನೇ ವಾರಕ್ಕೆ ಇಡೀ ಕಾರ್ಖಾನೆ ಸಿದ್ರಾಮನನ್ನು ಅಡಿವೆಪ್ಪ ಎಂದು ಕರೆಯಿತು. ಸಿದ್ರಾಮ ಮೊದಲು ನಾಚಿದ, ಆಮೇಲೆ ಉಬ್ಬಿದ. ಐದು ವರ್ಷ ಯಾರ ಕಣ್ಣಿಗೂ ಬೀಳದವನಿಗೆ ಈಗ ಊಟದ ಸಾಲಿನಲ್ಲಿ ಮುಂದೆ ಜಾಗ ಬಿಡುತ್ತಿದ್ದರು. ಅವನ ಮೊಣಕೈ ಇನ್ನಷ್ಟು ಅಗಲವಾಯಿತು, ಮೆಷೀನಿನ ಜೊತೆಗಿನ ಮಾತು ಜೋರಾಯಿತು. ಬೇಕಂತಲೇ ಎಡವುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ರೂಮಿನ ಹೊರಗಿನ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತ ಕೇಳಿದ.

"ಲೇ ಬಸ್ಯಾ, ಕಡೀಕ ನನಗೇನ ಮಾಡ್ತೀಯಲೇ?"

"ನಿನಗಲ್ಲೋ, ಅಡಿವೆಪ್ಪಗ."

"ಹೂಂ, ಅದs. ನನಗೇನ ಆಕೈತಿ?"

ಚನಬಸಪ್ಪ ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದ. ಆ ಪ್ರಶ್ನೆ ಅವನಿಗೆ ಹಿಡಿಸಲಿಲ್ಲ.

ಓದುವವರು ಬರೆಯುವವನಿಗಿಂತ ಜಾಣರು. ಆರನೇ ವಾರಕ್ಕೆ ಬಟ್ಟೆ ಚೂರು ಅವರ ಕಣ್ಣಿಗೆ ಬಿತ್ತು. ಹಳೆಯ ಹಾಳೆಗಳನ್ನು ಬೆರಳಿಟ್ಟು ನೋಡಿ, "ಮಗಾ, ಮೊದ್ಲಿಂದ್ಲೂ ಐತೆ ಕಣೋ ಇದು!" ಎಂದು ಕೂಗಿಕೊಂಡರು. ಒಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕೆ? ಆದರೆ ಅಲ್ಲಿಂದ ನಗುವಿನ ಬಣ್ಣ ಬೇರೆಯಾಯಿತು. ಎಷ್ಟು ಬೆರಳು ಹೋಗುತ್ತವೆ ಎಂದು ಚಹಾ ಪಂದ್ಯ ಕಟ್ಟಿದರು. ಹೊಸದಾಗಿ ಸೇರಿದವರಿಗೆ ಹಳಬರು ದೂರದಿಂದ ಸಿದ್ರಾಮನನ್ನು ತೋರಿಸಿ, "ಬಟನ್ ಕಟ್ತಾನಲ್ಲ, ಅವ್ನೇ ಇವ್ನು," ಎನ್ನುತ್ತಿದ್ದರು. ಅವನು ಪ್ರೆಸ್ಸಿನ ಮುಂದೆ ನಿಂತಾಗ ಅಕ್ಕಪಕ್ಕದವರು ಅವನ ಕೈಯನ್ನೇ ನೋಡುತ್ತಿದ್ದರು. ಅದು ಹೋಗಲಿರುವ ಕೈಯನ್ನು ನೋಡುವ ನೋಟವೆಂದು ಚನಬಸಪ್ಪನಿಗೆ ಗೊತ್ತಿತ್ತು.

ಅವನಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ವನಜಾ ಮೇಡಂ ಹತ್ತಿರ ಹೋಗಿ, "ಮೇಡಂ, ಅಡಿವೆಪ್ಪನ್ನ ಉಳಿಸೋಣ್ರಿ. ಕಡೀಗೆ ಬುದ್ಧಿ ಬಂತು ಅಂತ ಮಾಡ್ತೀನಿ," ಎಂದ.

"ಅಯ್ಯೋ, ಎಲ್ರೂ ಅದಕ್ಕೇ ಕಾಯ್ತಿದಾರೆ ಕಣ್ರೀ. ಈಗ ಬಿಟ್ರೆ ಇಷ್ಟು ದಿನ ಬಿಲ್ಡ್ ಮಾಡಿದ್ದೆಲ್ಲ ವೇಸ್ಟಲ್ವಾ?"

ಅವನು ಇನ್ನೊಂದು ಸಲ ಕೇಳಬಹುದಿತ್ತು, ಕೇಳಲಿಲ್ಲ. ಯಾಕೆಂದರೆ ಅವನಿಗೂ ಒಳಗೆ ಹಾಗೇ ಅನ್ನಿಸಿತ್ತು.

ಎಂಟನೇ ವಾರ ಸಿದ್ರಾಮ ಶಿವಶಂಕರನ ಬಳಿ ಹೋಗಿ ತನ್ನ ಪ್ರೆಸ್ಸು ಸರಿಯಿಲ್ಲ ಎಂದ. "ಬಿಕ್ಕಳಸಾಕತ್ತೈತ್ರಿ ಸಾಹೇಬ್ರ. ನಾ ಒತ್ತದs ಒಂದೊಂದು ಸಲ ಅರ್ಧ ಇಳೀತೈತಿ."

ಸುತ್ತಲಿದ್ದವರೆಲ್ಲ ಹೋ ಎಂದು ನಕ್ಕರು. ಶಿವಶಂಕರ್, "ನೀರು ಕುಡ್ಸು ಗುರು ಅದಕ್ಕೆ," ಎಂದ. ಇನ್ನೂ ಜೋರಾಗಿ ನಕ್ಕರು. ಮೂರು ತಿಂಗಳ ಹಿಂದೆ ಇದೇ ಸಿದ್ರಾಮ ಇದೇ ಮಾತು ಹೇಳಿದ್ದರೆ ಫಿಟ್ಟರ್ ಬಂದು ಮೆಷೀನು ಬಿಚ್ಚಿ ನೋಡುತ್ತಿದ್ದ. ಈಗ ಹೇಳಿದವನು ಅಡಿವೆಪ್ಪ. ಚನಬಸಪ್ಪನೂ ನಕ್ಕ. ನಕ್ಕದ್ದಷ್ಟೇ ಅಲ್ಲ, ಬಿಕ್ಕಳಿಸುವ ಮೆಷೀನಿಗೆ ಅಡಿವೆಪ್ಪ ಚೊಂಬಿನಲ್ಲಿ ನೀರು ಹಿಡಿದು ನಿಂತದ್ದನ್ನು ಒಂಬತ್ತನೇ ಹಾಳೆಯಲ್ಲಿ ಬರೆದು ಅಂಟಿಸಿದ.

ಆ ಒಂಬತ್ತನೇ ವಾರದ ಗುರುವಾರ, ಹನ್ನೊಂದು ಗಂಟೆಯ ಚಹಾಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಚನಬಸಪ್ಪ ಮೇಜಿನಿಂದ ತಲೆ ಎತ್ತಿದಾಗ ಏಳನೇ ಪ್ರೆಸ್ಸು ನೇರ ಎದುರಿಗಿತ್ತು. ಸಿದ್ರಾಮ ಎರಡೂ ಬಟನ್ನನ್ನು ಎರಡು ಕೈಯಲ್ಲಿ ಒತ್ತಿದ. ಭಾರ ಇಳಿದು ಮೇಲಕ್ಕೆ ಹೋಯಿತು. ಎರಡೂ ಬಟನ್ನಿನ ಮೇಲೆ ಏನೂ ಇರಲಿಲ್ಲ, ಚನಬಸಪ್ಪ ಕಣ್ಣಾರೆ ಕಂಡ. ಒತ್ತಿದ ಪೀಸು ತೆಗೆಯಲು ಸಿದ್ರಾಮ ಬಲಗೈ ಒಳಗೆ ಹಾಕಿದ. ಯಾರೂ ಏನನ್ನೂ ಒತ್ತದೆ ಭಾರ ಮತ್ತೊಮ್ಮೆ ಇಳಿಯಿತು.

ನಾಲ್ಕು ಬೆರಳು ಹೋದವು. ಸಿದ್ರಾಮನನ್ನು ಗಾಡಿಯಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿದ ಮೇಲೆ ಪ್ರೆಸ್ಸುಗಳ ನಡುವೆ ಯಾರೋ ಮೆಲ್ಲಗೆ, "ಹತ್ತನೇ ವಾರಕ್ಕೂ ಕಾಯ್ಲಿಲ್ಲ ನೋಡು," ಎಂದರು. ಯಾರೂ ನಗಲಿಲ್ಲ, ಯಾರಿಗೂ ಆಶ್ಚರ್ಯವೂ ಆಗಲಿಲ್ಲ.

ಶನಿವಾರ ಮ್ಯಾನೇಜರ ಕೋಣೆಯಲ್ಲಿ ವಿಚಾರಣೆ. ಎರಡೇ ದಾರಿಯಿತ್ತು. ಮೆಷೀನಿನ ತಪ್ಪೆಂದಾದರೆ ಏಳನೇ ಪ್ರೆಸ್ಸು ಬಿಚ್ಚಿ ರಿಪೇರಿಯಾಗುವವರೆಗೆ ನಿಲ್ಲುತ್ತದೆ, ಸಿದ್ರಾಮನಿಗೆ ಕೂತು ಮಾಡುವ ಕೆಲಸ ಸಿಗುತ್ತದೆ. ಅವನ ತಪ್ಪೆಂದಾದರೆ ಅವನು ಮನೆಗೆ ಹೋಗುತ್ತಾನೆ, ಸೋಮವಾರ ಆ ಪ್ರೆಸ್ಸಿಗೆ ಬೇರೊಬ್ಬನ ಕೈ ಬರುತ್ತದೆ. ಮೇಜಿನ ಮೇಲೆ ಒಂಬತ್ತು ಹಾಳೆಗಳನ್ನೂ ಬೋರ್ಡಿನಿಂದ ಬಿಡಿಸಿ ತಂದು ಫೈಲಿನಲ್ಲಿಟ್ಟಿದ್ದರು. ಪ್ರೆಸ್ಸಿನವರನ್ನು ಒಬ್ಬೊಬ್ಬರಾಗಿ ಕೇಳಿದರು. ಸಿದ್ರಾಮ ಬಟನ್ ಕಟ್ಟುತ್ತಿದ್ದನೆ? ಹೌದು ಸಾರ್, ಕಟ್ತಿದ್ದ. ನೀನು ನೋಡಿದ್ದೀಯಾ? ನೋಡಿದೀನಿ ಸಾರ್. ಅವರು ಸುಳ್ಳು ಹೇಳುತ್ತಿರಲಿಲ್ಲ. ನೋಡಿದ್ದು ಸಿದ್ರಾಮನ ಮುಖವನ್ನು, ಸಿದ್ರಾಮನ ನಡಿಗೆಯನ್ನು, ಕಟ್ಟುತ್ತಿದ್ದ ಕೈಯನ್ನು. ಎಲ್ಲಿ ನೋಡಿದ್ದೆಂಬುದು ಮಾತ್ರ ಅವರಿಗೆ ಮರೆತುಹೋಗಿತ್ತು. ಚನಬಸಪ್ಪ ಎದ್ದು ನಿಂತ.

"ಸಾರ್, ಬಟನ್ ಕಟ್ತಿದ್ದವನು ನಾನು," ಎಂದ. "ಪ್ರೆಸ್ಸಿನ ಮ್ಯಾಲಿದ್ದಾಗ ಎರಡು ವರ್ಷ ಕಟ್ಟೀನ್ರಿ. ಆ ಚಟಾನ ಅಡಿವೆಪ್ಪಗ ಹಚ್ಚಿದ್ದು. ಸಿದ್ರಾಮ ಒಂದು ದಿನಾನೂ ಕಟ್ಟಿದವನಲ್ಲ. ಬೇಕಾದ್ರ ಶಿವಶಂಕರ್ ಅವರನ್ನ ಕೇಳ್ರಿ."

ಮ್ಯಾನೇಜರು ತಿರುಗಿ ನೋಡಿದರು. ಶಿವಶಂಕರ್ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಿದ್ದ.

"ನಂಗೆ ನೆನಪಿಲ್ಲ ಸಾರ್. ಪಾಪ, ಇಬ್ರೂ ಒಂದೇ ರೂಮು. ಫ್ರೆಂಡಿಗೋಸ್ಕರ ಹೇಳ್ತಿದಾರೆ."

"ಮೆಷೀನು ತಾನs ಇಳೀತೈತಿ ಅಂತ ಅವ ಹೇಳಿದ್ದ ಸಾರ್! ಬಿಕ್ಕಳಸ್ತೈತಿ ಅಂತ ಎಲ್ಲರ ಮುಂದ ಹೇಳಿದ್ದ!"

ಮ್ಯಾನೇಜರು ಫೈಲು ತಿರುವಿ ಕೊನೆಯ ಹಾಳೆ ತೆಗೆದರು. ಚೊಂಬು ಹಿಡಿದ ಅಡಿವೆಪ್ಪ ಅಲ್ಲಿ ಹಲ್ಲು ಕಿರಿಯುತ್ತಿದ್ದ. "ಇದು ನಿಮ್ಮ ಜೋಕಲ್ವೇನ್ರೀ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೇ ಇತ್ತು. "ಬೆಂಕಿ ಇಲ್ದೆ ಹೊಗೆ ಆಡಲ್ಲ ಚನಬಸಪ್ಪ. ಇರ್ಲಿ, ನಿಮ್ಮ ಹೇಳಿಕೆನೂ ಬರೆದುಕೊಡಿ. ಕೊನೆಗೆ ಸಿದ್ರಾಮ ಏನು ಹೇಳ್ತಾನೋ ಅದೇ ಫೈನಲ್."

ಆ ಮಾತಿನಲ್ಲಿ ಚನಬಸಪ್ಪನಿಗೆ ಒಂದು ದಾರಿ ಕಂಡಿತು. ಹೇಳಿಕೆ ಬರೆದು ಸಹಿ ಹಾಕಿ, ಆಟೋ ಹತ್ತಿ ಆಸ್ಪತ್ರೆಗೆ ಓಡಿದ. ತನ್ನ ಕೆಲಸ ಹೋದರೂ ಚಿಂತೆಯಿಲ್ಲ, ಕಂಪನಿಯವರು ಬರುವ ಮುಂಚೆ ಸಿದ್ರಾಮನಿಗೆ ಎಲ್ಲ ಹೇಳಿಬಿಡಬೇಕು. ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದಿದ್ದರು. ಜಾಲಹಳ್ಳಿ ಕ್ರಾಸಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡು ಕೂತಾಗ ಅವನು ತನ್ನ ಮೊಣಕಾಲನ್ನು ತಾನೇ ಗುದ್ದಿಕೊಂಡ.

ವಾರ್ಡಿನ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸಿದ್ರಾಮ ದಿಂಬಿಗೆ ಒರಗಿದ್ದ. ಬಲಗೈ ಮೊಣಕೈವರೆಗೂ ಬ್ಯಾಂಡೇಜು. ಮುಖ ಬಿಳಚಿಕೊಂಡಿದ್ದರೂ ಚನಬಸಪ್ಪನನ್ನು ಕಂಡು ಅರಳಿತು.

"ಬಂದ್ಯಾ? ಆಫೀಸಿನವರು ನಿನ್ನೆ ಬಂದು ಹೋದ್ರು ನೋಡು. ಎಲ್ಲಾ ಬರಸ್ಕೊಂಡು ಎಡಗೈ ಹೆಬ್ಬಟ್ಟು ಒತ್ತಿಸ್ಕೊಂಡ್ರು." ಹಾಗಾದರೆ ಮ್ಯಾನೇಜರು "ಅದೇ ಫೈನಲ್" ಎನ್ನುವಾಗಲೇ ಆ ಹೇಳಿಕೆ ಅವರ ಕೈ ಸೇರಿತ್ತು.

"ಏನಂತ ಬರಿಸಿದಿ?"

"ನಾನs ಕಟ್ಟಿದ್ದೆ ಅಂತ."

"ನೀ ಕಟ್ಟಿರಲಿಲ್ಲೋ ಸಿದ್ಯಾ! ನಾ ಎದುರಿಗೇ ಇದ್ದೆ. ಎರಡೂ ಕೈಲೆ ಒತ್ತಿದಿ!"

ಸಿದ್ರಾಮ ತಲೆಯಾಡಿಸಿದ. "ನನಗ ಛಲೋ ನೆನಪೈತಿ. ಅವತ್ತು ಬಸ್ ತಪ್ಪಿತು. ಓಡಿಕೋತ ಬಂದೆ, ಹಾಜರಿ ಕಾರ್ಡ್ ಒತ್ತೂದು ತಡ ಆತು. ಆ ಅವಸರದಾಗ ಕಟ್ಟಿದೆ."

ಗುರುವಾರ ಇಬ್ಬರೂ ನಾಗಸಂದ್ರದಿಂದ ಮಾತಾಡುತ್ತ ಒಟ್ಟಿಗೇ ನಡೆದು ಬಂದಿದ್ದರು. ಹತ್ತು ನಿಮಿಷ ಮೊದಲೇ ಗೇಟಿನಲ್ಲಿದ್ದರು. ಬಸ್ಸು ತಪ್ಪಿದ್ದು, ಓಡಿದ್ದು, ಕಾರ್ಡು ತಡವಾದದ್ದು ಎಲ್ಲ ಐದನೇ ಹಾಳೆಯಲ್ಲಿ ಚನಬಸಪ್ಪನೇ ಬರೆದದ್ದು. ಅದನ್ನು ಹೇಳಲು ಅವನು ಬಾಯಿ ತೆರೆದ. ಹೇಳಿಯೂ ಬಿಟ್ಟ. ಮತ್ತೆ ಮತ್ತೆ ಹೇಳಿದ, ದನಿ ಏರಿ ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು.

ಸಿದ್ರಾಮ ಸಮಾಧಾನದಿಂದ ಕೇಳಿಸಿಕೊಂಡ. ಆಮೇಲೆ ಎಡಗೈ ಚಾಚಿ ಗೆಳೆಯನ ತೋಳು ಹಿಡಿದ.

"ನಿಂದೇನು ತಪ್ಪಿಲ್ಲ ಬಸ್ಯಾ. ಒಂಬತ್ತು ವಾರ ನೀ ಹೇಳಿಕೋತ ಬಂದಿ, ನಾ ನಕ್ಕೋತ ಕುಂತೆ. ನಿನ್ನ ಮಾತು ಕೇಳಿದ್ರ ಕೈ ಉಳೀತಿತ್ತು." ಚನಬಸಪ್ಪ ಮತ್ತೇನೋ ಹೇಳಹೊರಟಾಗ ಆ ಕೈ ಮೆಲ್ಲಗೆ ಅದುಮಿತು. "ಅಳಬ್ಯಾಡಲೇ. ನನಗ ಬ್ಯಾಸರ ಆದೀತಂತ ಈಗ ಕಥಿ ಹೇಳಬ್ಯಾಡ."